ದ್ವೀಪಕ್ಕೆ ಒಯ್ದ ಎರಡು ರೊಟ್ಟಿ

ದೆವ್ವ, ಗಾಳಿ ಎಂಬ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿಬಿಡುವವಳು. ನನ್ನಲ್ಲಿದ್ದ ನಂಬಿಕೆಯೆಲ್ಲ ಶಿವನ ಮೇಲೇ ಖರ್ಚಾಗಿ, ಉಳಿದವರಿಗೆ ಕೊಡಲು ಏನೂ ಮಿಕ್ಕಿರಲಿಲ್ಲ. ಕೊರಳಲ್ಲಿ ಲಿಂಗವಿದೆ, ಹಣೆಯ ಮೇಲೆ ವಿಭೂತಿ ಇದೆ, ಇನ್ನು ಹೆದರುವುದು ಯಾವುದಕ್ಕೆ ಎಂದು ಓಣಿಯ ಹೆಂಗಸರಿಗೆ ನಾನೇ ಬುದ್ಧಿ ಹೇಳುತ್ತಿದ್ದೆ. ಮೂರ್ನಾಲ್ಕು ವರ್ಷದ ಹಿಂದೆ ಸಂಕ್ರಾಂತಿಯ ಹೊತ್ತಿಗೆ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ಹಟವಿಲ್ಲ. ಕಂಡವಳು ನಾನು, ನನಗೇ ಪೂರ್ತಿ ನಂಬಿಕೆ ಬಂದಿಲ್ಲ.

ನಮ್ಮದು ಸಿಂಧನೂರು. ಯಜಮಾನರದು ಬೀಜ, ಗೊಬ್ಬರದ ಅಂಗಡಿ. ಭತ್ತದ ನಾಟಿ ಮುಗಿದರೆ ಗೊಬ್ಬರ, ಗೊಬ್ಬರ ಮುಗಿದರೆ ಬೆಳೆಯ ಹುಳಕ್ಕೆ ಎಣ್ಣೆ ಹೊಡೆಯುವುದು, ಅದು ಮುಗಿಯುವಷ್ಟರಲ್ಲಿ ಕಾಲುವೆಗೆ ಮತ್ತೆ ನೀರು. ಮದುವೆಯಾದಾಗಿನಿಂದ ಅವರು ಪೂರ್ತಿ ಒಂದು ದಿನ ಕೈಕಟ್ಟಿ ಕುಳಿತದ್ದನ್ನು ನಾನು ಕಂಡಿಲ್ಲ. ಆ ವರ್ಷ ಅವರಿಗೆ ಬಿಪಿ ಏರಿ, ಅಂಗಡಿಯಲ್ಲೇ ತಲೆಸುತ್ತು ಬಂದು ಚೀಲಗಳ ಮೇಲೆ ಒರಗಿದರು. ಚೀಲಗಳ ಮೇಲೆ ಬಿದ್ದರು, ಕಲ್ಲಿನ ಮೇಲೆ ಬೀಳಲಿಲ್ಲ. ಅಷ್ಟರ ಮಟ್ಟಿಗೆ ಶಿವ ಕೈ ಬಿಡಲಿಲ್ಲ. ವಿಶ್ರಾಂತಿ ಬೇಕೇಬೇಕೆಂದು ಡಾಕ್ಟರು ಹೇಳಿದರು. ಲಿಂಗಸುಗೂರಿನ ಕಾಲೇಜಿನಲ್ಲಿ ಪಾಠ ಮಾಡುವ ಮಗಳು ಗೌರಿ ಆ ಮಾತನ್ನೇ ಹಿಡಿದಳು.

"ಅಪ್ಪಾ, ನೀ ಊರಾಗ ಇದ್ರ ರೆಸ್ಟ್ ಆಗಂಗಿಲ್ಲ. ಸಮುದ್ರದ ನಡುವ ಹೋಗಿ ಕುಂದ್ರಬೇಕು. ಅಲ್ಲಿ ಯಾರೂ ನಿನಗ ಯೂರಿಯಾ ಕೇಳಂಗಿಲ್ಲ."

"ಮನಿ ಹಿಂದ ಕಾಲುವಿ ತುಂಬ ಸಿಹಿನೀರು ಐತಿ. ಅದನ್ನ ಬಿಟ್ಟು ಉಪ್ಪುನೀರು ನೋಡಾಕ ಅಷ್ಟು ದೂರ ಹೋಗಬೇಕೇನಬೇ?" ಎಂದರು ಯಜಮಾನರು.

"ಕಾಲುವಿ ದಂಡಿಗೆ ಕುಂತ್ರ ನಿನ್ನ ಗಿರಾಕಿಗಳು ಅಲ್ಲಿಗೂ ಬರ್ತಾರ."

ಗೌರಿ ಅಂಡಮಾನಿನ ಕಡೆ, ಜನ ಮುತ್ತುವ ಊರುಗಳನ್ನೆಲ್ಲ ಬಿಟ್ಟು, ಒಂದು ಸಣ್ಣ ದ್ವೀಪವನ್ನು ಹುಡುಕಿದಳು. ಹೋಟೆಲಲ್ಲ, ಒಬ್ಬ ಹೆಣ್ಣುಮಗಳ ಮನೆ; ಎರಡು ಕೋಣೆಗಳನ್ನು ಬಂದವರಿಗೆ ಕೊಡುತ್ತಾಳೆ. ಆಕೆ ತೆಲುಗಿನವಳೆಂದು ತಿಳಿದಮೇಲೆ ಯಜಮಾನರ ಮುಖ ಅರಳಿತು. ಆಂಧ್ರದಿಂದ ಬಂದು ನೆಲೆಸಿದ ನಮ್ಮ ಕಾಲುವೆ ಕ್ಯಾಂಪುಗಳ ರೈತರೊಡನೆ ವ್ಯವಹಾರ ಮಾಡಿ ಮಾಡಿ ಅವರಿಗೆ ತೆಲುಗು ಮನೆಮಾತಿನಷ್ಟು ಸಲೀಸು. ನನಗಿದ್ದದ್ದು ಒಂದೇ ಚಿಂತೆ, ಬೆಳಗಿನ ಪೂಜೆ. ಸಮುದ್ರದ ಊರು, ಮೀನಿನ ವಾಸನೆ ಇರುತ್ತದೆ, ಲಿಂಗ ಅಂಗೈಲಿ ಇಟ್ಟು ಕೂರಲು ಒಂದು ಮಡಿ ಜಾಗ ಇದೆಯೋ ಇಲ್ಲವೋ. "ಅಂಗಳದ್ದೊಂದು ವಿಡಿಯೋ ಕಳಿಸಾಕ ಹೇಳ್ರಿ" ಎಂದೆ. ಮರುದಿನವೇ ಅದು ನನ್ನ ಫೋನಿಗೆ ಬಂತು.

ಆಗ ಮಧ್ಯಾಹ್ನ. ಯಜಮಾನರು ಉಂಡು ಅಂಗಡಿಗೆ ಹೋಗಿದ್ದರು. ಗೌರಿ ಪಡಸಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಕುಳಿತು ವಿಡಿಯೋ ನೋಡಿದೆ. ಕಟ್ಟಿಗೆಯ ಮನೆ, ಗುಡಿಸಿದ ಮರಳಿನ ಅಂಗಳ, ತೆಂಗು, ಅದರಾಚೆ ಹಸಿರು ಬಣ್ಣದ ನೀರು. ಅಂಗಳದ ಮೂಲೆಯಲ್ಲಿ ಮರದ ಸುತ್ತ ಒಂದು ಕಟ್ಟೆ. ಪೂಜೆಗೆ ಇದೇ ಸರಿ ಎಂದುಕೊಳ್ಳುವಷ್ಟರಲ್ಲಿ, ಕಟ್ಟೆಯ ಮೇಲೆ ಯಾರೋ ನೀರಿನ ಕಡೆ ಮುಖ ಮಾಡಿ ಕುಳಿತಿರುವುದು ಕಂಡಿತು. ಬಿಳಿ ಅಂಗಿ, ನರೆತ ತಲೆ. ಒಂದು ಕಾಲು ಮಡಚಿ ತೊಡೆಯ ಕೆಳಗಿತ್ತು. ಇನ್ನೊಂದು ಕೆಳಗೆ ಇಳಿಬಿದ್ದಿತ್ತು, ಮತ್ತು ಆ ಕಾಲು ಸುಮ್ಮನಿರಲಿಲ್ಲ. ಮುಂಗಾಲು ಒತ್ತುತ್ತಿತ್ತು, ಹಿಮ್ಮಡಿ ಒತ್ತುತ್ತಿತ್ತು, ಮತ್ತೆ ಮುಂಗಾಲು.

ಆ ಕಾಲನ್ನು ನಾನು ಬಲ್ಲೆ.

ನನ್ನ ಅಪ್ಪ ಮಸ್ಕಿಯಲ್ಲಿ ದರ್ಜಿಯಾಗಿದ್ದ. ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣದೊಂದು ಅಂಗಡಿ, ಒಂದು ಹೊಲಿಗೆ ಮಷೀನು. ಬೆಳಗಿನಿಂದ ದೀಪ ಹಚ್ಚುವತನಕ ತುಳಿದು ತುಳಿದು ಅಪ್ಪನ ಕಾಲಿಗೆ ಆ ರೂಢಿ ಹತ್ತಿಬಿಟ್ಟಿತ್ತು. ಉಣ್ಣಲು ಕುಳಿತರೂ, ಗುಡಿಯಲ್ಲಿ ಕುಳಿತರೂ ಕಾಲು ನೆಲವನ್ನು ತುಳಿಯುತ್ತಿತ್ತು. "ಊಟ ಹೊಲ್ಯಾಕತ್ತೀಯೇನು, ಕಾಲು ನಿಲ್ಲಸು" ಎಂದು ಅವ್ವ ಬೈಯುತ್ತಿದ್ದಳು. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಗುಂಡಿ, ಅಸ್ತರಿನ ಬಟ್ಟೆ ತರುತ್ತೇನೆಂದು ರಾಯಚೂರಿಗೆ ಹೋದವನು ತಿರುಗಿ ಬರಲಿಲ್ಲ. ಹೊಲಿದು ಮುಗಿಸಿದ ಜಂಪರುಗಳು ಮೊಳೆಗೆ ತೂಗುತ್ತಲೇ ಇದ್ದವು. ದೊಡ್ಡವರು ರಾಯಚೂರು, ಗುಲ್ಬರ್ಗ, ಹೈದರಾಬಾದು ಎಂದು ತಿರುಗಿ ಬಂದರು. ಜಗಳವಿರಲಿಲ್ಲ, ರೋಗವಿರಲಿಲ್ಲ. ಮನುಷ್ಯ ಇಲ್ಲ, ಅಷ್ಟೇ.

ಅವ್ವ ಕುಂಕುಮ ತೆಗೆಯಲಿಲ್ಲ. ಪ್ರತಿ ರಾತ್ರಿ ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಎರಡು ರೊಟ್ಟಿ ಅರಿವೆ ಸುತ್ತಿ ತೆಗೆದಿಡುತ್ತಿದ್ದಳು. ಯಾರಿಗೆ ಎಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಬೆಳಿಗ್ಗೆ ಅವು ಆಕಳಿಗೋ ಬಾಗಿಲಿಗೆ ಬಂದವರಿಗೋ ಹೋಗುತ್ತಿದ್ದವು.

ಫೋನು ಹಿಡಿದುಕೊಂಡೇ ಪಡಸಾಲೆಗೆ ಹೋದೆ. "ಕಟ್ಟಿ ಮ್ಯಾಲ ಯಾರು ಕುಂತಾರ ನೋಡು" ಎಂದೆ.

ಗೌರಿ ನೋಡಿದಳು. "ಯಾರದಾರಬೇ? ಕಟ್ಟಿ ಖಾಲಿ ಐತಿ. ಚಷ್ಮಾ ನಂಬರು ಬದಲಾಗ್ಯಾದ, ತೋರಿಸ್ಕೊಂಡು ಬರೋಣು."

ಚಷ್ಮಾ ಒರೆಸಿಕೊಂಡು ಮತ್ತೆ ನೋಡಿದೆ. ಇದ್ದ. ಕಾಲು ತುಳಿಯುತ್ತಲೇ ಇತ್ತು. ಸಂಜೆ ಯಜಮಾನರಿಗೆ ಅಪ್ಪನ ಹೆಸರು ಎತ್ತದೆ, ವಿಡಿಯೋದಲ್ಲಿ ಒಬ್ಬ ಮುದುಕ ಇದ್ದಾನೆ, ಯಾರೆಂದು ಆ ಹೆಣ್ಣುಮಗಳನ್ನು ಕೇಳಿರಿ ಎಂದೆ. ಅವರಿಗೂ ಮುದುಕ ಕಾಣಲಿಲ್ಲ. ಆದರೂ ಫೋನು ಮಾಡಿ ತೆಲುಗಿನಲ್ಲಿ ಕೇಳಿದರು, ಕೇಳಿ ನನ್ನ ಕಡೆ ತಿರುಗಿದರು.

"ತಾನು, ತನ್ನ ಮಗ ಬಿಟ್ರ ಯಾರೂ ಇಲ್ಲ ಅಂತಾಳ. ಕಟ್ಟಿ ಆಗಷ್ಟ ತೊಳದು ವಿಡಿಯೋ ತಗದಾಳಂತ. ಹಸಿ ಕಟ್ಟಿ ಮ್ಯಾಲ ಯಾರು ಕುಂದ್ರತಾರ?" ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದರು. "ಬ್ಯಾಡ ಅನಸಿದ್ರ ಹೇಳು, ರದ್ದು ಮಾಡೋಣು."

ಅವರ ವಿಶ್ರಾಂತಿಗೆಂದು ಗೊತ್ತುಮಾಡಿದ್ದನ್ನು ನನ್ನ ಕಣ್ಣಿನ ದೋಷಕ್ಕೆ ಕೆಡಿಸುವುದೇ? ಬೇಡವೆನ್ನಲಿಲ್ಲ.

ಹೊರಡುವ ಮುಂಚೆ ಅವ್ವನ ಕೈಯಿಂದ ವಿಭೂತಿ ಹಚ್ಚಿಸಿಕೊಂಡು ಬರಲು ಮಸ್ಕಿಗೆ ಹೋದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು, ಗಾಳಿಗೆ ತಲೆ ಸ್ವಲ್ಪ ಹಗುರಾಯಿತು. ಕೊಯ್ದ ಭತ್ತದ ಗದ್ದೆಗಳಲ್ಲಿ ಹುಲ್ಲು ಸುಡುತ್ತಿದ್ದರು. ಅವ್ವ ನನ್ನ ತಮ್ಮ ಬಸವನ ಮನೆಯಲ್ಲಿರುತ್ತಾಳೆ. ಆ ಮನೆಯಲ್ಲಿ ಆಗ ಬೇರೊಂದು ಬೇಗುದಿ. ಬೇಸಿಗೆಗೆ ಬಸವನ ಮಗಳ ಮದುವೆ ಗೊತ್ತಾಗಿತ್ತು. ಅಜ್ಜಿ ಅರಿಷಿಣ ಹಚ್ಚಬಹುದೋ ಇಲ್ಲವೋ, ಅವಳು ಮುತ್ತೈದೆಯೋ ಅಲ್ಲವೋ ಎಂದು ಬೀಗರ ಕಡೆಯವರು ಕೇಳಿಬಿಟ್ಟಿದ್ದರು. ಅಪ್ಪ ತೀರಿಕೊಂಡನೆಂದೇ ತಿಳಿದು ಮಾಡಬೇಕಾದ ಶಾಸ್ತ್ರ ಮಾಡಿ ಮುಗಿಸೋಣ ಎಂಬುದು ಬಸವನ ಮಾತು. ಅವನದೂ ತಪ್ಪಲ್ಲ. ಅಪ್ಪ ಹೋದಾಗ ಅವನು ತೊಟ್ಟಿಲಲ್ಲಿದ್ದ. ಅವನಿಗೆ ಅಪ್ಪನೆಂದರೆ ಜನ ತನ್ನನ್ನು ಕೇಳಿದ ಪ್ರಶ್ನೆಗಳು ಮಾತ್ರ.

"ಅಕ್ಕಾ, ನೀನರ ಹೇಳು ಅವ್ವಗ. ಮಂದಿ ಬಾಯಿ ಮುಚ್ಚಸಾಕ ಆಗಂಗಿಲ್ಲ ನನಗ."

ಅವ್ವ ಒಲೆಯ ಮುಂದೆ ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದಿದೆ, ಕೈ ಅಂದಾಜಿನ ಮೇಲೇ ನಡೆಯುತ್ತದೆ. "ನಿನ್ನ ಗಂಡಗ ಅರಾಮ ಆಗ್ಲಿ, ಹೋಗಿ ಬರ್ರಿ" ಎಂದು ವಿಭೂತಿ ಹಚ್ಚಿದಳು. ಆಮೇಲೆ ತಾನಾಗಿಯೇ ಕೇಳಿದಳು.

"ಎಂಥಾ ಊರವ್ವ ಅದು? ಫೋನಿನ್ಯಾಗ ಐತೇನು? ತೋರಸು."

ನಾನು ತೋರಿಸಬಾರದೆಂದೇ ಹೋಗಿದ್ದೆ. ಕೈ ಕೇಳಲಿಲ್ಲ, ವಿಡಿಯೋ ಹಚ್ಚಿ ಅವಳ ಮುಂದೆ ಹಿಡಿದೆ. ಬಸವ ಹೆಗಲ ಮೇಲಿಂದ ಬಗ್ಗಿ ನೋಡಿದ.

"ಸಮುದ್ರ ಭಾಳ ಚಂದ ಐತಿ ನೋಡಕ್ಕ" ಎಂದ.

ಅವ್ವ ಹಿಟ್ಟಿನ ಕೈಯನ್ನು ಹಾಗೇ ಮೇಲೆ ಹಿಡಿದು ಫೋನಿನ ಹತ್ತಿರ ಮುಖ ತಂದಳು. ಸೂಜಿಗೆ ದಾರ ಏರಿಸಲಾಗದ ಕಣ್ಣು. ವಿಡಿಯೋ ಮುಗಿಯಿತು.

"ಸೊರಗ್ಯಾನ" ಎಂದಳು.

"ಯಾರಬೇ?" ಎಂದ ಬಸವ.

ಅವಳು ಅವನ ಕಡೆ ನೋಡಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. "ಹಂಚು ಕಾದೈತಿ" ಎಂದು ತಿರುಗಿ, ಹೊಸ ಹಿಟ್ಟು ಹಿಡಿದು ಎರಡು ರೊಟ್ಟಿ ಬಡಿದಳು. ಅವು ಆರಿದ ಮೇಲೆ ಬುಟ್ಟಿಯ ಹಳೆಯ ಅರಿವೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು. "ಒಯ್ಯಿ. ಹಿಂಡಿಚಟ್ನಿ ಹಚ್ಚಬ್ಯಾಡ, ಖಾರ ಆಗಂಗಿಲ್ಲ." ಅಪ್ಪನಿಗೆ ಖಾರ ಆಗುತ್ತಿರಲಿಲ್ಲವೆಂಬುದು ನಾನೇ ಮರೆತ ಸಂಗತಿ.

ತಿರುಗಿ ಬರುವಾಗ ಬಸ್ಸಿನಲ್ಲಿ ವಿಡಿಯೋ ಹಚ್ಚಿದೆ. ಕಟ್ಟೆ ಖಾಲಿ ಇತ್ತು. ಅವ್ವ ನೋಡಿದ ಮೇಲೆ ನನಗೂ ಅವನು ಕಾಣಲಿಲ್ಲ. ಆ ದಿನದಿಂದ ಇಂದಿನವರೆಗೂ ಕಂಡಿಲ್ಲ.

ಮೂವರೂ ಹೋದೆವು. ವಿಮಾನ, ಆಮೇಲೆ ಹಡಗು. ಯಾರಿಗೂ ವಾಂತಿ ಆಗಲಿಲ್ಲ, ಅದೇ ದೊಡ್ಡದು. ಆ ದ್ವೀಪದಲ್ಲಿ ಸದ್ದೆಂದರೆ ನೀರಿನದೊಂದೇ. ಯಜಮಾನರು ಹಾಸಿಗೆ ಕಂಡವರೇ ಮಗುವಿನ ಹಾಗೆ ಮಲಗಿದರು. ಮದುವೆಯಾದ ಮೇಲೆ ಅವರು ಮಧ್ಯಾಹ್ನ ಗೊರಕೆ ಹೊಡೆದದ್ದನ್ನು ನಾನು ಕೇಳಿದ್ದು ಅಲ್ಲೇ. ಅವರ ಗೊರಕೆಗೆ ನಾನು ಮನಸ್ಸಿನಲ್ಲೇ ಶಿವನಿಗೆ ಕೈಮುಗಿದೆ. ಆಮೇಲೆ ಆ ಹೆಣ್ಣುಮಗಳನ್ನು ಗೌರಿಯ ಹಿಂದಿ ಹಿಡಿದುಕೊಂಡು ಬೇರೆ ಬೇರೆ ರೀತಿಯಲ್ಲಿ ಕೇಳಿದೆ. ಕನ್ನಡದವರು ಯಾರಾದರೂ ಇದ್ದರೇ? ದರ್ಜಿ ಯಾರಾದರೂ? ಹಿಂದೆ ಎಂದಾದರೂ? ಯಾರೂ ಇಲ್ಲ ಎಂದಳು. ಕಟ್ಟೆಯನ್ನೂ ತಾವೇ ಈಚೆಗೆ ಕಟ್ಟಿಸಿದ್ದಂತೆ.

ಬೆಳಗಿನ ಪೂಜೆಯನ್ನು ನಾನು ಆ ಕಟ್ಟೆಯ ಮೇಲೆ ಮಾಡಲಿಲ್ಲ. ಕೋಣೆಯಲ್ಲೇ ಮಾಡಿಕೊಂಡೆ. ಅಲ್ಲಿ ಕೂರುವುದೆಂದರೆ ಯಾರದೋ ಜಾಗದಲ್ಲಿ ಕೇಳದೆ ಕುಳಿತಂತೆ ಅನಿಸುತ್ತಿತ್ತು.

ಹೊರಡುವ ಹಿಂದಿನ ಸಂಜೆ, ಇನ್ನೂ ಬೆಳಕಿರುವಾಗಲೇ, ಅವ್ವನ ರೊಟ್ಟಿಗಳನ್ನು ಅರಿವೆಯ ಸಮೇತ ಕಟ್ಟೆಯ ಮೇಲೆ ಇಟ್ಟು ಬಂದೆ. ಗೌರಿ ನೋಡಿದಳು, ನಗಲಿಲ್ಲ. "ಏಡಿ ತಿಂತಾವಬೇ" ಎಂದಳು, ಅಷ್ಟೇ.

ಬೆಳಿಗ್ಗೆ ರೊಟ್ಟಿ ಇರಲಿಲ್ಲ. ಕಟ್ಟೆಯ ಮೇಲೆ ಒಂದು ಎಳ್ಳಿನ ಕಾಳೂ ಬಿದ್ದಿರಲಿಲ್ಲ. ಅರಿವೆ ಮಾತ್ರ ಇತ್ತು, ಅಂಚಿಗೆ ಅಂಚು ಕೂಡಿಸಿ, ಅಪ್ಪ ಹೊಲಿದ ಬಟ್ಟೆ ಮಡಚುತ್ತಿದ್ದ ಹಾಗೆ ಕೈಯಿಂದ ತಿಕ್ಕಿ ಮಡಚಿದ್ದು; ಗಾಳಿಗೆ ಹಾರದ ಹಾಗೆ ಮೇಲೊಂದು ಚಿಪ್ಪು ಇತ್ತು. ಮನೆಯಾಕೆ ಆಗತಾನೇ ಕಣ್ಣು ಉಜ್ಜಿಕೊಳ್ಳುತ್ತ ಹೊರಗೆ ಬಂದಳು. ತಾನು ಆ ಕಡೆ ಹೋಗೇ ಇಲ್ಲ, ಮಗ ಇನ್ನೂ ಮಲಗಿದ್ದಾನೆ ಎಂದಳು. ಗೌರಿಯನ್ನೂ ಯಜಮಾನರನ್ನೂ ಲಿಂಗದಾಣೆ ಹಾಕಿ ಕೇಳಿದೆ, ತಾವು ಮುಟ್ಟಿಲ್ಲ ಎಂದರು. ಏಡಿ ರೊಟ್ಟಿ ತಿನ್ನುತ್ತವೆ, ಒಪ್ಪಿಕೊಳ್ಳುತ್ತೇನೆ. ಅರಿವೆ ಮಡಚುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ.

ಊರಿಗೆ ಬಂದವಳೇ ಮಸ್ಕಿಗೆ ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಮುಂಚೆಯೇ ಒಳಗಿನಿಂದ ಅವ್ವನ ದನಿ ಬಂತು. ಸಮುದ್ರ ಹೇಗಿತ್ತು, ಅಳಿಯ ಹೇಗಿದ್ದಾನೆ ಎಂದು ಕೇಳಲಿಲ್ಲ.

"ಉಂಡನೇನು?"

ಬಸವ ಅಲ್ಲೇ ಕುಳಿತಿದ್ದ. ಚೀಲದಿಂದ ಅರಿವೆ ತೆಗೆದು ಮಡಿಕೆ ಬಿಚ್ಚದೆ ಅವಳ ಕೈಗೆ ಕೊಟ್ಟೆ. ಅವ್ವ ಅದರ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು, ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ.

"ಉಂಡನವ್ವ" ಎಂದೆ.

ತಲೆಯಾಡಿಸಿದಳು. ಅಳಲಿಲ್ಲ. ಆ ರಾತ್ರಿ ನಾನು ಅಲ್ಲೇ ಇದ್ದೆ. ಎಲ್ಲರೂ ಉಂಡ ಮೇಲೆ ಬುಟ್ಟಿಯಲ್ಲಿ ಉಳಿದ ರೊಟ್ಟಿಗಳನ್ನು ಅವ್ವ ಬಸವನ ತಾಟಿಗೇ ಹಾಕಿದಳು. "ಎರಡು ತಗದಿಡಂಗಿಲ್ಲೇನಬೇ?" ಎಂದು ಅವನು ಕೇಳಿದ. "ನೀ ಉಣ್ಣು" ಎಂದಳು. ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು ನಿಂತುಹೋದದ್ದನ್ನು ಕಂಡು ಅವನು ತುತ್ತು ಕೈಯಲ್ಲೇ ಹಿಡಿದು ಕುಳಿತ. ಶಾಸ್ತ್ರದ ಮಾತನ್ನು ಆಮೇಲೆ ಅವನು ಎತ್ತಲಿಲ್ಲ. ಬೀಗರು ಮತ್ತೆ ಕೇಳಿದಾಗ, "ನಮ್ಮವ್ವನ ಕುಂಕುಮ ನಮ್ಮವ್ವಗ ಗೊತ್ತೈತಿ" ಎಂದನಂತೆ. ಬೇಸಿಗೆಯಲ್ಲಿ ಮೊಮ್ಮಗಳಿಗೆ ಮೊದಲ ಅರಿಷಿಣ ಹಚ್ಚಿದವಳು ಅವ್ವನೇ, ಹಣೆ ತುಂಬ ಕುಂಕುಮ ಇಟ್ಟುಕೊಂಡು.

ಅವಳು ಏನು ತಿಳಿದುಕೊಂಡಳು? ಅಪ್ಪ ಎಲ್ಲೋ ಇದ್ದಾನೆ, ಉಂಡಿದ್ದಾನೆ, ಇನ್ನು ಕಾಯಬೇಕಿಲ್ಲ ಎಂದೇ? ಇಲ್ಲವೆಂದು ತಿಳಿದೂ ಕುಂಕುಮ ಇಟ್ಟುಕೊಂಡಳೇ? ಹೊಟ್ಟೆ ತುಂಬಿದ ಮೇಲೆ ಹೋಗುವವರು ಎಲ್ಲಿಗೆ ಹೋಗುತ್ತಾರೆ? ಕೇಳಬೇಕೆಂದು ಮಸ್ಕಿಗೆ ಹೋದಾಗಲೆಲ್ಲ ಅಂದುಕೊಳ್ಳುತ್ತೇನೆ. ಅವಳು ಈಗ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಆ ನಿದ್ದೆಯನ್ನು ನೋಡಿ ಸುಮ್ಮನೆ ಬರುತ್ತೇನೆ.

ಅವ್ವ ಬಿಟ್ಟಳು. ಸಿಂಧನೂರಿನ ನಮ್ಮ ಮನೆಯಲ್ಲಿ ರಾತ್ರಿ ಎಲ್ಲರೂ ಉಂಡ ಮೇಲೆ ಈಗ ನಾನು ಎರಡು ರೊಟ್ಟಿ ಅರಿವೆ ಸುತ್ತಿ ತೆಗೆದಿಡುತ್ತೇನೆ. ಯಾರಿಗೆ ಎಂದು ಯಜಮಾನರು ಕೇಳಿಲ್ಲ.