ಬಿಳಿ ಬೆಕ್ಕಿನ ಕೆನ್ನೆಗೆ ಬೊಟ್ಟು

ದೊರೆಸಾನಿಯ ಬೆಕ್ಕು ಬಿಳಿಯದೆಂದು ನನಗೆ ಗೊತ್ತಾದದ್ದೇ ಅದಕ್ಕೆ ಸ್ನಾನ ಮಾಡಿಸಿದ ದಿನ. ಸಂಡೂರಿನ ಅದಿರಿನ ಧೂಳಿನಲ್ಲಿ ಹೊರಳಿ ಹೊರಳಿ ಅದು ಕೆಂಪಡರಿದ ನನ್ನ ಪಂಚೆಯ ಬಣ್ಣಕ್ಕೆ ಬಂದಿತ್ತು. ಆಗ ನಾನು ಗಣಿ ಮ್ಯಾನೇಜರ್ ದೊರೆಯ ಬಂಗಲೆಯಲ್ಲಿ ಜವಾನ. ಮನೆಯಲ್ಲಿ ಅವ್ವ, ನಾನು ಇಬ್ಬರು, ನೌಕರಿ ಒಂದೇ. ದೊರೆಸಾನಿಯ ಕೂಸಿಗೆ ಜ್ವರ ಬಿಟ್ಟು ಬಿಟ್ಟು ಬರುತ್ತಿದ್ದ ದಿನಗಳು, ಬಂಗಲೆಯಲ್ಲಿ ಸೀನಲೂ ಭಯ. ನನ್ನ ಹಿಂದಿನವನನ್ನು ಒಂದು ಗಾಜಿನ ಲೋಟ ಒಡೆದದ್ದಕ್ಕೆ ಓಡಿಸಿದ್ದರು.

ಅವತ್ತು ಮಧ್ಯಾಹ್ನ ಹೊಸಪೇಟೆಯ ದೊರೆಗಳ ಕ್ಲಬ್ಬಿನಲ್ಲಿ ಬೆಕ್ಕುಗಳ ಪ್ರದರ್ಶನ. "ಮೈಮ್ಯಾಲೆ ಒಂದು ಕಲೆ ಕಂಡ್ರೂ ನೀ ಹೊರಗ" ಎಂದಿದ್ದ ಬಟ್ಲರ್ ತಾತ.

ರೇಷ್ಮೆ ಸೀರೆ ಒಗೆಯುವುದರಲ್ಲಿ ಪಳಗಿದ ಕೈ ಅವ್ವನದು. ಬೆಳಿಗ್ಗೆ ಅವಳನ್ನೇ ಬಂಗಲೆಯ ಹಿತ್ತಲಿಗೆ ಕರೆತಂದೆ. ಅಂಟುವಾಳದ ನೊರೆ ಹಚ್ಚಿ ಅವಳು ತಿಕ್ಕಿದಳು, ನಾನು ಹಿಡಿದುಕೊಂಡೆ. ಬೆಕ್ಕು ಉಗುರು ಬಿಚ್ಚಿದಾಗಲೆಲ್ಲ ನಾನು ದೊರೆಸಾನಿಯ ದನಿ ತೆಗೆಯುತ್ತಿದ್ದೆ: "ನೋ ನೋ, ಮೈ ಸ್ವೀಟ್!" ಅದು ತೆಪ್ಪಗಾಗುತ್ತಿತ್ತು.

"ಬಾಯಿ ಮುಚ್ಚಲೇ ಮಂಗ್ಯಾ! ಅವರ ಕಿವಿಗೆ ಬಿದ್ರ ನೌಕರಿ ಹೋಗ್ತೈತಿ."

"ಹೋದ್ರ ನಾಟಕ ಕಂಪನಿ ಸೇರ್ತೀನಿ ಬೇ."

"ಈ ಮಾರಿಗೆ ಬೆಕ್ಕಿನ ಪಾರ್ಟೂ ಸಿಗಂಗಿಲ್ಲ."

ಬಿಸಿಲಿಗೆ ಹಿಡಿದು ಒಣಗಿಸಿ, ದೊರೆಸಾನಿ ಕೊಟ್ಟ ಬ್ರಷ್ಷಿನಿಂದ ಬಾಚಿದ ಮೇಲೆ ಬೆಕ್ಕು ಹಿಂಜಿದ ಅರಳೆಯಂತಾಯಿತು. ನಾನು ಬುಟ್ಟಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವ್ವ ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದು ಅದರ ಎಡಗೆನ್ನೆಗೊಂದು ಬೊಟ್ಟು ಇಟ್ಟಿದ್ದಳು.

"ಏನ್ ಮಾಡಿದಿ ಬೇ!"

"ಅಷ್ಟು ಮಂದಿ ನೋಡ್ತಾರ. ದೃಷ್ಟಿ ಆಗಬಾರ್ದು."

ಒದ್ದೆ ಬಟ್ಟೆ ತಂದೆ. ಉಜ್ಜಿದೆ. ಹರಳೆಣ್ಣೆಯ ಕಾಡಿಗೆ ಅದು, ಬಟಾಣಿಯಷ್ಟಿದ್ದದ್ದು ಹುಣಸೆಬೀಜದಷ್ಟಾಯಿತು. ಅಷ್ಟರಲ್ಲಿ ಮೋಟಾರಿನ ಹಾರ್ನ್.

ಹೊಸಪೇಟೆಯವರೆಗೂ ಆ ಕೆನ್ನೆಯ ಮೇಲಿಂದ ಹೆಬ್ಬೆರಳು ತೆಗೆಯಲಿಲ್ಲ. ಕ್ಲಬ್ಬಿನಲ್ಲಿ ಬಹುಮಾನ ಕೊಡಲು ಬೆಕ್ಕುಗಳನ್ನು ನೋಡುತ್ತ ಬಂದ ಮೀಸೆ ದೊರೆ ನನ್ನ ಬೆರಳನ್ನು ಕೋಲಿನಿಂದ ಸರಿಸಿದ.

"ಇದು ಏನು?" ಎಂದಳು ದೊರೆಸಾನಿ.

ಊರವರೆಲ್ಲರ ದನಿ ತೆಗೆಯುವ ನಾನು ಈಗ ನನ್ನ ದನಿಯಲ್ಲೇ ಹೇಳಬೇಕಿತ್ತು. "ನಮ್ಮವ್ವ ಹಚ್ಯಾಳ್ರೀ... ದೃಷ್ಟಿಗೆ... ಕೂಸಿಗೆ ಹಚ್ಚಿದಂಗ" ಎಂದೆ. ಜೊತೆಗೆ ಬಂದಿದ್ದ ಬಟ್ಲರ್ ತಾತ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಸುತ್ತಲಿದ್ದವರು ನಕ್ಕರು. ದೊರೆಸಾನಿ ನಗಲಿಲ್ಲ. ಬಹುಮಾನ ಯಾವುದೋ ಬೂದು ಬೆಕ್ಕಿಗೆ ಹೋಯಿತು. ಬಂಗಲೆಯ ಮುಂದೆ ಇಳಿಯುವಾಗ ದೊರೆಸಾನಿ, "ನಾಳೆ ನಿನ್ನ ತಾಯಿ ಬರಬೇಕು" ಎಂದಳು.

ಮರುದಿನ ವರಾಂಡದಲ್ಲಿ ಅವ್ವನ ಬೆನ್ನ ಹಿಂದೆ ನಿಂತೆ, ಗಂಡಸು ನೋಡಿ! ದೊರೆಸಾನಿ ಕೂಸನ್ನು ಎತ್ತಿಕೊಂಡೇ ಬಂದಳು. ಅದರ ಬಾಡಿದ ಕೆನ್ನೆ ಮುಟ್ಟಿ, "ಇಲ್ಲಿ" ಎಂದಳು.

ಅವ್ವ ಸಂಚಿಗೆ ಕೈ ಹಾಕಿದಳು. ಕಾಡಿಗೆಯ ಬೆರಳು ಕಂಡದ್ದೇ ಕೂಸು ಚೀರಿ ಮುಖ ತಿರುಗಿಸಿತು. ಎರಡು ಸಲ, ಮೂರು ಸಲ. ಅವ್ವ ನನ್ನ ಕಡೆ ತಿರುಗಿ, ದೊರೆಸಾನಿಯ ಎದುರಿಗೇ ಹೇಳಿದಳು:

"ಲೇ, ಬೆಕ್ಕಿಗೆ ತಗೀತಿದ್ದಿಯಲ್ಲ, ಆ ದನಿ ತಗಿ."