ಆ ತಂತಿ ಕಟ್ಟಿದ್ದು ನಾನೇ

ನಮ್ಮಪ್ಪ ನನ್ನ ಒಂದು ಮೆರವಣಿಗೆಗೂ ಬಂದವನಲ್ಲ. ನಲವತ್ತು ವರ್ಷ ಬೀದಿಯಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಡಕು ಮಡಕೆಯಾಗಿದೆ. ಅದರಲ್ಲಿ ಒಂದು ಕೂಗನ್ನೂ ಅವನು ನಿಂತು ಕೇಳಲಿಲ್ಲ. ಆದರೆ ಗಿರಣಿಯ ಗೇಟಿನ ಮುಂದೆ ಸಭೆ ಇದ್ದ ದಿನ ಎಲ್ಲರಿಗಿಂತ ಮುಂಚೆ ಬಂದು ವೇದಿಕೆಯ ಹಲಗೆಗಳನ್ನು ಕಾಲಲ್ಲಿ ಒದ್ದು ನೋಡುತ್ತಿದ್ದ. ಸಡಿಲವಿದ್ದ ಕಡೆ ಮೊಳೆ ಹೊಡೆಯುತ್ತಿದ್ದ, ಮೈಕಿನ ವೈರು ಕಿತ್ತ ಜಾಗಕ್ಕೆ ಟೇಪು ಸುತ್ತುತ್ತಿದ್ದ, ಹೊರಟುಬಿಡುತ್ತಿದ್ದ.

"ಭಾಷಣ ಕೇಳ್ಕೊಂಡು ಹೋಗಪ್ಪಾ" ಅಂದರೆ, "ಮನೇಲಿ ದಿನಾ ಕೇಳ್ತೀನಲ್ಲ, ಪುಕ್ಕಟೆ" ಅನ್ನುತ್ತಿದ್ದ.

ಬಟ್ಟೆ ಗಿರಣಿಯಲ್ಲಿ ಅವನು ಲಿಫ್ಟ್ ಮೇಸ್ತ್ರಿ. ಐದು ಮಹಡಿ, ಸಾಮಾನು ಸಾಗಿಸುವ ಎರಡು ಲಿಫ್ಟು, ಎರಡೂ ಅವನಿಗಿಂತ ಮುಂಚೆ ಕೆಲಸಕ್ಕೆ ಸೇರಿದ್ದವು. ನಾನು ಅದೇ ಗಿರಣಿಯ ಪ್ಯಾಕಿಂಗ್ ವಿಭಾಗದಲ್ಲಿದ್ದೆ, ಸಂಘದ ಕಾರ್ಯದರ್ಶಿಯೂ ಆಗಿದ್ದೆ. ಯಾವ ಯಂತ್ರ ಬಿಚ್ಚಿದರೂ ಸ್ಕ್ರೂಗಳನ್ನು ಒಂದು ತಟ್ಟೆಯಲ್ಲಿ ಸಾಲಾಗಿಟ್ಟು, ಕೊನೆಗೆ ತಟ್ಟೆ ಖಾಲಿಯಾಗಿದೆಯೇ ಅಂತ ನೋಡದೆ ಅಪ್ಪ ಎದ್ದವನಲ್ಲ. "ಯಮ ಬಂದು ಕರೆದ್ರೂ, ತಡಿಯಪ್ಪಾ, ಇನ್ನೊಂದು ಸ್ಕ್ರೂ ಬಾಕಿ ಇದೆ ಅಂತಾನೆ ಈ ಮನುಷ್ಯ" ಅಂತ ಅಮ್ಮ ಬೈಯುತ್ತಿದ್ದಳು. ಇಂಥವನ ಕೈಯಿಂದಲೇ ಆ ತಪ್ಪು ಆಯಿತು.

ಆ ಲಿಫ್ಟುಗಳ ಪ್ರತಿ ಮಹಡಿಯ ಜಾಲರಿ ಬಾಗಿಲಿಗೂ ಒಂದು ಸ್ವಿಚ್ಚು. ಬಾಗಿಲು ಪೂರ್ತಿ ಮುಚ್ಚಿದ್ದರೆ ಮಾತ್ರ ಲಿಫ್ಟು ಚಲಿಸುತ್ತದೆ, ತೆರೆದಿದ್ದರೆ ಅಲ್ಲಾಡುವುದಿಲ್ಲ. ಒಂದು ಲಿಫ್ಟಿನ ಮೂರನೇ ಮಹಡಿಯ ಸ್ವಿಚ್ಚು ಸವೆದುಹೋಗಿತ್ತು. ಬಾಗಿಲು ಮುಚ್ಚಿದರೂ ಲಿಫ್ಟು ನಡುವೆಯೇ ನಿಂತುಬಿಡುತ್ತಿತ್ತು. ಹೊಸ ಸ್ವಿಚ್ಚು ಬೇಕೆಂದು ಅಪ್ಪ ದುರಸ್ತಿ ಪುಸ್ತಕದಲ್ಲಿ ಮೂರು ಸಲ ಬರೆದ. ಬರಲಿಲ್ಲ. ಕೊನೆಗೊಂದು ದಿನ ಕೆಳಗೆ ಲಾರಿಗಳು ಸಾಲುಗಟ್ಟಿ ನಿಂತಿದ್ದಾಗ ಸೂಪರ್‌ವೈಸರ್ ಓಡಿಬಂದು, "ಮೇಸ್ತ್ರಿ, ಹೇಗಾದ್ರೂ ಮಾಡಿ ಓಡಿಸಿ" ಅಂದ. ಅಪ್ಪ ಗೇಣುದ್ದ ತಂತಿ ಕಟ್ಟಿ ಸ್ವಿಚ್ಚಿಗೆ ಅಡ್ಡದಾರಿ ಮಾಡಿದ. ಲಿಫ್ಟು ಓಡಿತು. ಈಗ ಬಾಗಿಲು ತೆರೆದಿದ್ದರೂ ಓಡುತ್ತಿತ್ತು.

ಮಧ್ಯಾಹ್ನ ಉದ್ದಣ್ಣ ಬಟ್ಟೆಯ ಗಾಡಿ ಎಳೆದುಕೊಂಡು ಹಿಮ್ಮುಖವಾಗಿ ಆ ಬಾಗಿಲಿಗೆ ಬಂದ. ಗಿರಣಿಗೆಲ್ಲ ಎತ್ತರದ ಆಳು, ಅದಕ್ಕೇ ಆ ಹೆಸರು. ಬಾಗಿಲು ತೆರೆದಿದೆ ಅಂದರೆ ಲಿಫ್ಟು ಅಲ್ಲೇ ಇದೆ ಅಂತ ಅರ್ಥ. ಹದಿನೈದು ವರ್ಷದ ಅಭ್ಯಾಸ. ಆದರೆ ಯಾರೋ ಬಾಗಿಲು ತೆರೆದೇ ಬಿಟ್ಟಿದ್ದರು, ಲಿಫ್ಟು ಎರಡನೇ ಮಹಡಿಗೆ ಇಳಿದಿತ್ತು. ಅದರ ಮಾಡಿನ ಮೇಲೆ ಬಿದ್ದು ಅವನ ಕಾಲು ಎರಡು ಕಡೆ ಮುರಿಯಿತು.

ಆಸ್ಪತ್ರೆಯ ಗಾಡಿ ಬರುವಷ್ಟರಲ್ಲಿ ಸೂಪರ್‌ವೈಸರ್ ಆ ತಂತಿ ಕಿತ್ತು ಬಿಸಾಕಿಯಾಗಿತ್ತು. ಅಪ್ಪನ ಕಿವಿಯಲ್ಲಿ, "ನಾವಿಬ್ಬರೂ ಬಚಾವ್ ಮೇಸ್ತ್ರಿ. ಅವನು ಕುಡಿದು ಬಾಗಿಲು ಕಿತ್ತು ತೆಗೆದ ಅಂತ ಬರೆದಿದ್ದೀನಿ. ನೀವು ಬಾಯಿ ಮುಚ್ಕೊಂಡಿದ್ರೆ ಸಾಕು" ಅಂದನಂತೆ.

ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಪ್ಪ ಇಷ್ಟನ್ನೂ ಹೇಳಿ, "ವಿಚಾರಣೆಗೆ ಬಂದವರಿಗೆ ಇದ್ದದ್ದನ್ನ ಹೇಳಿಬಿಡ್ತೀನಿ" ಅಂದ. ಅಮ್ಮ ಕೈಯಲ್ಲಿದ್ದ ಪಾತ್ರೆ ಕುಕ್ಕಿದಳು. "ನಿವೃತ್ತಿಗೆ ಎರಡೇ ವರ್ಷ. ಈಗ ಹೋಗಿ ಕಲ್ಲಿಗೆ ತಲೆ ಕೊಡ್ತೀರಾ?"

ನನಗೆ ನಿಜ ಹೇಳಬೇಕೆಂದರೆ ಖುಷಿಯಾಯಿತು. ಗಿರಣಿಯವರು ಸಿಕ್ಕಿಬಿದ್ದರು ಅಂತ ಪೆನ್ನು ಕಾಗದ ತಂದು ಕೂತೆ. "ಸೂಪರ್‌ವೈಸರ್ ತಂತಿ ಕಟ್ಟು ಅಂತ ಬಲವಂತ ಮಾಡಿದ ಅಂತ ಬರೀತೀನಿ. ನೀನು ಸಹಿ ಹಾಕು."

"ಅವನು ಹಾಗನ್ನಲಿಲ್ಲ."

"ಹೇಗಾದ್ರೂ ಮಾಡು ಅಂದನಲ್ಲ, ಅದೇ ಇದು!"

"ಹೇಗಾದ್ರೂ ಅಂದ. ತಂತಿ ಕಟ್ಟು ಅನ್ನಲಿಲ್ಲ. ಆಗಲ್ಲ ಅನ್ನೋಕೆ ನನಗೂ ಬಾಯಿತ್ತು."

"ಒಂದು ಮಾತು ಸೇರಿಸಿದ್ರೆ ಗಂಟೇನು ಹೋಗುತ್ತೆ? ನಿನ್ನ ಕೆಲಸ ಉಳಿಯುತ್ತೆ, ಉದ್ದಣ್ಣನ ಮಾನ ಉಳಿಯುತ್ತೆ!"

"ನೋಡವ್ವಾ ಲೀಡರಮ್ಮ, ನಿನ್ನ ಭಾಷಣಕ್ಕೆ ಎಷ್ಟು ಬೇಕಾದ್ರೂ ಸೇರಿಸ್ಕೋ. ನನ್ನ ಹೇಳಿಕೆಗೆ ಬೇಡ."

ಮರುದಿನ ಬೆಳಿಗ್ಗೆ ಅಪ್ಪ ಮೊದಲು ಹೋಗಿದ್ದು ಆಸ್ಪತ್ರೆಗೆ. ನಾನೂ ಜೊತೆಗಿದ್ದೆ. ಉದ್ದಣ್ಣ ಮಂಚಕ್ಕೆ ಸಾಲದೆ ಪಾದ ಆಚೆ ಚಾಚಿ ಮಲಗಿದ್ದ. ಅಪ್ಪ ಕೂರಲೂ ಇಲ್ಲ. "ಬಾಗಿಲಿಗೆ ತಂತಿ ಕಟ್ಟಿದ್ದು ನಾನು. ಅದಕ್ಕೇ ನೀನು ಬಿದ್ದೆ. ವಿಚಾರಣೆಯಲ್ಲೂ ಇದನ್ನೇ ಹೇಳ್ತೀನಿ" ಅಂದ.

ಉದ್ದಣ್ಣ ಮೊಣಕೈ ಊರಿ ಅರ್ಧ ಎದ್ದ. ಆಮೇಲೆ ಬೈಯಲು ಶುರುಮಾಡಿದ. ನನ್ನ ಅಜ್ಜನಿಂದ ಹಿಡಿದು ಏಳು ತಲೆಮಾರನ್ನೂ ಬಿಡಲಿಲ್ಲ. ಪಕ್ಕದ ಮಂಚದ ಮುದುಕ, "ಸಾಕು ಮಾರಾಯಾ, ಹೊಲಿಗೆ ಬಿಚ್ಚಿಕೊಳ್ಳುತ್ತೆ" ಅಂದ. ಅಪ್ಪ ಅಷ್ಟನ್ನೂ ನಿಂತೇ ಕೇಳಿದ, ಬೈಗುಳ ಮುಗಿದ ಮೇಲೆ ಅವನ ಚೊಂಬಿಗೆ ನೀರು ತುಂಬಿಸಿಟ್ಟು ಹೊರಟ.

ವಾರದ ನಂತರ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದು ಗಿರಣಿಯ ಕಚೇರಿಯಲ್ಲಿ ವಿಚಾರಣೆಗೆ ಕೂತರು. ಒಂದು ಕಡೆ ಮ್ಯಾನೇಜರ್ ಮತ್ತು ಸೂಪರ್‌ವೈಸರ್, ಇನ್ನೊಂದು ಕಡೆ ಸಂಘದವರು ನಾವು. ನಡುವೆ ಅಪ್ಪ, ಒಗೆದ ಅಂಗಿಯಲ್ಲಿ, ಗ್ರೀಸು ಬಿಡದ ಉಗುರುಗಳಲ್ಲಿ.

"ಸ್ವಿಚ್ಚಿಗೆ ತಂತಿ ಕಟ್ಟಿತ್ತು ಅಂತ ಸಂಘ ಹೇಳ್ತಿದೆ. ಗಿರಣಿಯವರು ಇಲ್ಲ ಅಂತಾರೆ. ನೀವೇನಂತೀರಿ?" ಅಂತ ಅಧಿಕಾರಿ ಕೇಳಿದರು.

"ಆ ತಂತಿ ಕಟ್ಟಿದ್ದು ನಾನೇ. ಸ್ಕ್ರೂ ತಲೆ ಮೇಲೆ ಹೊಸ ಗೀರು ಇರುತ್ತೆ, ಆತುರದಲ್ಲಿ ಬಿಗಿದಿದ್ದೆ. ಹೋಗಿ ನೋಡಿ."

"ಯಾರು ಹೇಳಿದ್ದು ಕಟ್ಟೋಕೆ?"

ನಾನು ಕುರ್ಚಿಯ ತುದಿಗೆ ಬಂದಿದ್ದೆ. ಈಗಲಾದರೂ ಹೇಳಲಿ ಅಂತ ಹಲ್ಲು ಕಚ್ಚಿದ್ದೆ.

"ಕಟ್ಟು ಅಂತ ಯಾರೂ ಹೇಳಲಿಲ್ಲ. ಹೊಸ ಸ್ವಿಚ್ಚು ಬೇಕು ಅಂತ ಮೂರು ಸಲ ಬರೆದೆ, ಕೊಡಲಿಲ್ಲ, ಅದು ಅವರ ತಪ್ಪು. ತಂತಿ ಕಟ್ಟಿದ್ದು ನನ್ನ ತಪ್ಪು. ಒಂದರಿಂದ ಇನ್ನೊಂದನ್ನ ಮುಚ್ಚಬೇಡಿ. ಉದ್ದಣ್ಣಂದು ಏನೂ ತಪ್ಪಿಲ್ಲ."

"ಅವನು ಕುಡಿದಿದ್ದ ಸಾರ್!" ಅಂತ ಸೂಪರ್‌ವೈಸರ್ ಎದ್ದ.

ಅಪ್ಪ ಅವನ ಕಡೆ ತಿರುಗಿದ. "ಕುಡಿದಿರಲಿಲ್ಲ. ಕುಡಿದಿದ್ರೂ ಬಾಗಿಲು ತೆರೆದಿರುವಾಗ ಲಿಫ್ಟು ಅಲ್ಲಾಡಬಾರದಿತ್ತು. ಕುಡಿದವನನ್ನೂ ಕಾಯಲಿ ಅಂತಲೇ ಅಲ್ವೇನಯ್ಯಾ ಆ ಸ್ವಿಚ್ಚು ಇಟ್ಟಿರೋದು?"

ಅಧಿಕಾರಿ ಪೆನ್ನು ಕೆಳಗಿಟ್ಟು ದುರಸ್ತಿ ಪುಸ್ತಕ ತರಿಸಿದರು.

ಹೊರಗೆ ಬಂದಾಗ ಸಂಘದವನೊಬ್ಬ, "ನಿಮ್ಮಪ್ಪ ಮಾಲೀಕರ ಕೈಗೆ ಜುಟ್ಟು ಕೊಟ್ಟುಬಿಟ್ರಲ್ಲ" ಅಂದ. ನನಗೂ ಹಾಗೇ ಅನ್ನಿಸಿ ಮೂರು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಆದೇಶ ಬಂದಾಗ ಗೊತ್ತಾಯಿತು. ತನ್ನ ತಪ್ಪನ್ನೇ ಒಪ್ಪಿಕೊಂಡವನ ಉಳಿದ ಮಾತನ್ನು ಸುಳ್ಳು ಅನ್ನಲು ಯಾರಿಗೂ ದಾರಿ ಇರಲಿಲ್ಲ. ಉದ್ದಣ್ಣ ನಿರ್ದೋಷಿ, ಅವನ ಆಸ್ಪತ್ರೆಯ ಖರ್ಚು ಗಿರಣಿಯದು, ಎಲ್ಲ ಬಾಗಿಲಿಗೂ ಹೊಸ ಸ್ವಿಚ್ಚು. ಸೂಪರ್‌ವೈಸರ್‌ಗೆ ಒಂದು ಎಚ್ಚರಿಕೆಯ ಕಾಗದ. ಅಂಥವರಿಗೆ ಯಾವತ್ತೂ ಬರೀ ಕಾಗದವೇ. ಅಪ್ಪನನ್ನು ಮೇಸ್ತ್ರಿಯಿಂದ ಹೆಲ್ಪರ್ ಮಾಡಿದರು. ಅವನೇ ಸ್ಪ್ಯಾನರ್ ಹಿಡಿಯಲು ಕಲಿಸಿದವನ ಹಿಂದೆ ಸಾಮಾನಿನ ಚೀಲ ಹೊರುವ ಕೆಲಸ.

"ನಾಳೆಯಿಂದ ಗೇಟಿನ ಮುಂದೆ ಧರಣಿ" ಅಂದೆ.

"ನನ್ನ ಶಿಕ್ಷೆಗೆ ಯಾರೂ ಧರಣಿ ಕೂರೋದು ಬೇಡ. ಅದು ಸರಿಯಾಗೇ ಇದೆ" ಅಂದ ಅಪ್ಪ. ನಾನು ಮನಸ್ಸು ಮಾಡಿ ಕೂರದೆ ಬಿಟ್ಟ ಧರಣಿ ಅದೊಂದೇ. ಸತ್ಯ ಸತ್ಯ ಅಂತ ನಾನು ಊರೆಲ್ಲ ಕೂಗಿದ್ದೇನೆ, ಬೇರೆಯವರ ಬಗ್ಗೆ. ತನ್ನ ಬಗ್ಗೆ, ತನಗೇ ನಷ್ಟವಾಗುವ ಕಡೆ, ದನಿ ಎತ್ತದೆ ಹೇಳಿದವನು ಅವನೊಬ್ಬ. ನಾನು ಯಾರ ಮಗಳು ಅಂತ ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಬೆನ್ನು ನೆಟ್ಟಗಾಗುತ್ತದೆ.

ಐದು ತಿಂಗಳಾದ ಮೇಲೆ ಉದ್ದಣ್ಣ ಕೋಲು ಊರಿಕೊಂಡು ಕೆಲಸಕ್ಕೆ ಬಂದ. ಮೂರನೇ ಮಹಡಿಯ ಉಗ್ರಾಣದಲ್ಲಿ ಕೂತು ಮಾಡುವ ಕೆಲಸ. ಮೆಟ್ಟಿಲು ಹತ್ತಲಾಗದು. ಲಿಫ್ಟಿನ ಮುಂದೆ ಬಂದು ನಿಂತವನು ಒಳಗೆ ಕಾಲಿಡಲಿಲ್ಲ. ನಾವೆಲ್ಲ ನೋಡುತ್ತಿದ್ದೆವು.

"ಹತ್ತಣ್ಣಾ, ಎಲ್ಲಾ ಹೊಸದು ಹಾಕಿದ್ದೀವಿ" ಅಂದ ಹೊಸ ಮೇಸ್ತ್ರಿ.

"ನೀನು ಸುಮ್ನಿರಪ್ಪಾ." ಉದ್ದಣ್ಣ ಅವನನ್ನು ದಾಟಿ, ಹಿಂದೆ ಚೀಲ ಹೊತ್ತು ನಿಂತಿದ್ದ ಅಪ್ಪನ ಕಡೆ ಕೋಲು ತೋರಿಸಿದ. "ಏ ನನ್ನ ಕಾಲು ಮುರಿದವನೇ, ನೀನು ಹೇಳು. ಸರಿ ಇದೆಯಾ?"

ಅಪ್ಪ ಚೀಲ ಕೆಳಗಿಟ್ಟ. ಜಾಲರಿ ಬಾಗಿಲನ್ನು ಎರಡು ಸಲ ಎಳೆದು ಮುಚ್ಚಿ ನೋಡಿದ.

"ಇದು ಸರಿ ಇದೆ. ಆ ಕಡೆಯ ಲಿಫ್ಟು ನಾಳೆವರೆಗೂ ಬೇಡ, ಒಂದು ಸ್ವಿಚ್ಚು ಇನ್ನೂ ಅನುಮಾನ."

ಹೊಸ ಮೇಸ್ತ್ರಿಯ ಮುಖ ಕೆಂಪಾಯಿತು. ಉದ್ದಣ್ಣ ಮೊದಲು ಕೋಲನ್ನು ಒಳಗಿಟ್ಟು, ತಲೆ ಬಗ್ಗಿಸಿ ಹತ್ತಿದ.