ಸೋದರಮಾವನ ಹ್ಯಾಂಡಲು

ದೇವನಹಳ್ಳಿಯ ಲಕ್ಷ್ಮಯ್ಯನವರ ಬಳಿ ಹಾರ್ಲೆಂಡ್ ಕಾರೊಂದಿತ್ತು. ಆ ಕಂಪನಿಯ ಹೆಸರು ಎಷ್ಟು ಹಳೆಯದೆಂದರೆ, ಹಳ್ಳಿಯ ಜನ ಯಾವ ಕಾರನ್ನು ಕಂಡರೂ ‘ಹಾರ್ಲೆಂಡು’ ಎಂದೇ ಕರೆಯುತ್ತಿದ್ದರು. ಮದುವೆಯ ಗಂಡನ್ನು ಚಪ್ಪರಕ್ಕೆ ಕರೆತರಲು ಸುತ್ತಲಿನವರೆಲ್ಲ ಲಕ್ಷ್ಮಯ್ಯನವರಿಗೇ ವೀಳ್ಯ ಕೊಟ್ಟು ಕಾರು ಗೊತ್ತುಮಾಡುತ್ತಿದ್ದರು.

ಒಮ್ಮೆ ಅವರ ಕೈ ಉಳುಕಿದ್ದಾಗ ಹೆಣ್ಣಿನ ಸೋದರಮಾವನೇ ಕಾರಿನ ಮೂತಿಗೆ ಸಿಕ್ಕಿಸುವ ಹ್ಯಾಂಡಲು ತಿರುಗಿಸಿ ಎಂಜಿನು ಹತ್ತಿಸಿದ್ದ. ಮುಂದೆ ಅದೇ ಶಾಸ್ತ್ರವಾಯಿತು. ಮಾವ ಕಾಯಿ ಒಡೆದು ಹ್ಯಾಂಡಲು ತಿರುಗಿಸಬೇಕು. ಎಷ್ಟನೆಯ ಸುತ್ತಿಗೆ ಹತ್ತಿತೆಂದು ಬೀಗಿತ್ತಿಯರು ಎಣಿಸಿ ಹಾಸ್ಯ ಮಾಡಬೇಕು.

ಯುದ್ಧ ಮುಗಿದ ಮೇಲೆ ಬೆಂಗಳೂರಿನ ಏಜೆಂಟರು ಹಾರ್ಲೆಂಡಿನ ಬೋರ್ಡು ಇಳಿಸಿ ಬೇರೆ ಕಂಪನಿಯದನ್ನು ಏರಿಸಿದರು. ಗೇರಿನ ಚಕ್ರ ಕೇಳಿಕೊಂಡು ಹೋದ ಲಕ್ಷ್ಮಯ್ಯನವರನ್ನು ಅಲ್ಲಿನ ಗುಮಾಸ್ತ, “ಇನ್ನೂ ಓಡಿಸ್ತಿದ್ದೀರಾ ಸ್ವಾಮಿ?” ಎಂದು ಕೇಳಿದ. ಎಂಜಿನು ಗಟ್ಟಿಯಾಗಿತ್ತು, ಆದರೆ ಹಲ್ಲು ಸವೆದ ಗೇರು ಏರಿನಲ್ಲಿ ಕೈಕೊಡುತ್ತಿತ್ತು. ವೀಳ್ಯಗಳು ಕಡಿಮೆಯಾದವು.

ನಲವತ್ತೆಂಟರ ವೈಶಾಖದಲ್ಲಿ ಕುಂದಾಣದ ಗೋಪಾಲಪ್ಪನ ಮಗಳ ಮದುವೆ. ಅವನು ವಾಡಿಕೆಯಂತೆ ಲಕ್ಷ್ಮಯ್ಯನವರನ್ನು ಕರೆದಿದ್ದ. ಆ ವರ್ಷ ಬಂದಿದ್ದ ವೀಳ್ಯ ಅದೊಂದೇ. ಅದೂ ತಪ್ಪಿದರೆ ಮುಂದೆ ಯಾರೂ ಕರೆಯರೆಂದು ಅವರಿಗೆ ಗೊತ್ತಿತ್ತು. ಹೋಗಿ ನೋಡಿದರೆ, ಊರಾಚೆಯ ಆಂಜನೇಯನ ಗುಡಿಯ ಮುಂದೆ ಸಮೇತನಹಳ್ಳಿಯ ಬೀಗರು ಬೆಂಗಳೂರಿನಿಂದ ತರಿಸಿದ ಹೊಸ ಕಾರು ನಿಂತಿತ್ತು. ಗಂಡು ಆಗಲೇ ಅದರೊಳಗೆ ಕುಳಿತಿದ್ದ.

ಹೆಣ್ಣಿನ ಸೋದರಮಾವ ರಾಮಾಂಜಿನಪ್ಪ ಕಾಯಿ ಒಡೆದು ಕಾರಿನ ಸುತ್ತ ಎರಡು ಸಲ ತಿರುಗಿದ.

“ಏನಪ್ಪಾ ಡ್ರೈವರು, ಹ್ಯಾಂಡಲು ಎಲ್ಲಿ?”

“ಇದಕ್ಕೆ ಹ್ಯಾಂಡಲು ಬೇಕಿಲ್ಲ ಯಜಮಾನ್ರೇ. ಗುಂಡಿ ಒತ್ತಿದ್ರೆ ಸಾಕು.”

“ಹಂಗಾದ್ರೆ ನಾನ್ಯಾತಕ್ಕೆ ಬಂದೆ?”

ಗಂಡಿನ ಸೋದರತ್ತೆ ಅಂಜಿನಮ್ಮ ಬಿಡಲಿಲ್ಲ. “ಮಾವನ ರಟ್ಟೇಲಿ ಕಸುವಿಲ್ಲಾಂತ ಹ್ಯಾಂಡ್ಲು ಬಚ್ಚಿಟ್ಟವ್ರೆ ಕಣ್ರೇ!”

ಎಲ್ಲರೂ ನಕ್ಕರು. ರಾಮಾಂಜಿನಪ್ಪನ ಮುಖ ಕೆಂಪಾಯಿತು. “ಗಂಡು ಲಕ್ಷ್ಮಯ್ಯನ ಕಾರಲ್ಲೇ ಬರ್ಬೇಕು. ಇಲ್ದಿದ್ರೆ ಧಾರೆಗೆ ನಾನು ನಿಲ್ಲಾಕಿಲ್ಲ.”

ಮುಹೂರ್ತಕ್ಕೆ ಅರ್ಧ ಗಂಟೆಯಷ್ಟೇ ಉಳಿದಿತ್ತು. ಗಂಡಿನ ತಂದೆ ಸೋತು ಲಕ್ಷ್ಮಯ್ಯನವರತ್ತ ತಿರುಗಿ, “ನೀವೇ ಹೇಳಿ, ನಿಮ್ಮ ಕಾರಿಗೇ ಹತ್ತಿಸ್ಲಾ?” ಎಂದರು.

‘ಹೂಂ’ ಎಂದಿದ್ದರೆ ಆಗಿತ್ತು. ಲಕ್ಷ್ಮಯ್ಯನವರು ಎದುರಿನ ಕೆರೆ ಏರಿಯನ್ನು ನೋಡಿದರು. ಬೆಳಗ್ಗೆ ಖಾಲಿ ಬರುವಾಗಲೇ ತಮ್ಮ ಕಾರು ಅಲ್ಲಿ ಎರಡು ಸಲ ಹಿಂದಕ್ಕೆ ಜಾರಿತ್ತು. ಕೆಳಗೆ ಆಳವಾದ ನೀರು.

ಅವರು ರಾಮಾಂಜಿನಪ್ಪನ ತೋಳು ಹಿಡಿದು ಹೊಸ ಕಾರಿನ ಡ್ರೈವರನ ಜಾಗದಲ್ಲಿ ಕೂರಿಸಿದರು. “ತಿರುಗಿಸೋನು ನೀನೇ ತಾನೆ? ಒತ್ತೋನೂ ನೀನೇ ಕಣೋ. ಬಲಗೈ ಹೆಬ್ಬೆರಳಲ್ಲಿ ಒತ್ತು.”

ಒಂದೇ ಒತ್ತಿಗೆ ಎಂಜಿನು ಗುರುಗುಟ್ಟಿತು. ಅಂಜಿನಮ್ಮನಿಗೆ ಎಣಿಸಲು ಏನೂ ಉಳಿಯಲಿಲ್ಲ. ರಾಮಾಂಜಿನಪ್ಪ ಮೀಸೆ ನೀವಿಕೊಂಡು ಇಳಿದ. ಹೊಸ ಕಾರು ಕೆರೆ ಏರಿಯನ್ನು ಸಲೀಸಾಗಿ ದಾಟಿತು. ಲಕ್ಷ್ಮಯ್ಯನವರು ತಮ್ಮ ಕಾರನ್ನು ಗುಡಿಯ ಬಳಿಯೇ ಬಿಟ್ಟು ಓಲಗದವರ ಹಿಂದೆ ನಡೆದುಕೊಂಡು ಹೋಗಿ ಊಟ ಮಾಡಿ ಬಂದರು.

ಆಮೇಲೆ ಅವರಿಗೆ ವೀಳ್ಯ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಎಂಜಿನನ್ನು ಬಿಚ್ಚಿ, ಹಿತ್ತಿಲ ಕೊಟ್ಟಿಗೆಯಲ್ಲಿ ಕೂರಿಸಿ, ಬೆಲ್ಟು ಹಾಕಿ ರಾಗಿ ಗಿರಣಿ ಮಾಡಿದರು. ಸಂಕ್ರಾಂತಿ ಕಳೆದ ಮೇಲೆ ರಾಮಾಂಜಿನಪ್ಪ ಗಾಡಿಯಲ್ಲಿ ಎರಡು ಮೂಟೆ ರಾಗಿ ಹೇರಿಕೊಂಡು ಬಂದ.

ಲಕ್ಷ್ಮಯ್ಯನವರು ಹ್ಯಾಂಡಲನ್ನು ಅವನ ಕೈಗಿತ್ತರು. “ಗುಂಡಿ ಗಿಂಡಿ ಏನೂ ಇಲ್ಲ ಇಲ್ಲಿ. ತಿರುಗಿಸಪ್ಪಾ, ಮಾವ.”

ಅವನು ಪಂಚೆ ಎತ್ತಿ ಕಟ್ಟಿ ತಿರುಗಿಸಿದ. ಎಂಜಿನು ಹತ್ತಿದೊಡನೆ ಲಕ್ಷ್ಮಯ್ಯನವರ ಹೆಂಡತಿ ಪಾಪಮ್ಮ ಅಡಿಗೆಮನೆಯಿಂದಲೇ ಕೂಗಿದರು:

“ಮೂರು!”